ಹಂಡೆಯ ನೀರು, ಮಿನೆಸೋಟದ ಪ್ರಶ್ನಾವಳಿ

ನಂಜನಗೂಡು, ತಿ. ನರಸೀಪುರ ಸೀಮೆಯ ಹಳ್ಳಿಮನೆಗಳಲ್ಲಿ ತಲೆಗೆ ನೀರು ಹಾಕಿಕೊಳ್ಳುವುದು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬರುವ ಕೆಲಸ. ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಲ್ಲಿ ಮೊಗೆದು ಬಿಡುವಿಲ್ಲದೆ ನೆತ್ತಿಗೆ ಸುರಿಯುತ್ತಾರೆ. ನೀರಿನ ಬಿಸಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಕೆಲವರಿಗೆ ಆ ಹೊತ್ತಿನಲ್ಲೇ ನೋಟ ನೆಟ್ಟುಹೋಗುತ್ತದೆ, ಮಾತು ಅಸಂಬದ್ಧವಾಗುತ್ತದೆ, ಇಲ್ಲದ್ದು ಕಾಣಿಸುತ್ತದೆ, ಎಚ್ಚರ ತಪ್ಪುತ್ತದೆ. ವೈದ್ಯಶಾಸ್ತ್ರದಲ್ಲಿ ಇದರ ಹೆಸರು ಬಿಸಿನೀರಿನ ಅಪಸ್ಮಾರ. ಇಂಥ ರೋಗಿಯ ಕೈಗೆ ವ್ಯಕ್ತಿತ್ವ ಪರೀಕ್ಷೆಯ ಹಾಳೆ ಕೊಟ್ಟರೆ ಅದು ಅಳೆಯುವುದು ಸ್ವಭಾವವನ್ನೋ, ರೋಗವನ್ನೋ?

ಈ ಕಾಯಿಲೆಯ ಮೊದಲ ವರದಿ ಬಂದದ್ದು 1945ರಲ್ಲಿ, ನ್ಯೂಜಿಲೆಂಡಿನಿಂದ. ಆದರೆ ಅದು ಗುಂಪುಗುಂಪಾಗಿ ಕಂಡದ್ದು ನಮ್ಮಲ್ಲಿ. ಬೆಂಗಳೂರಿನ ನರರೋಗತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಪ್ರಾಥಮಿಕ ವರದಿ ಪ್ರಕಟಿಸಿದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು 279 ರೋಗಿಗಳ ಅಧ್ಯಯನ ಹೊರತಂದರು. ಆಗ ಮೈಸೂರು ಜಿಲ್ಲೆಗೇ ಸೇರಿದ್ದ ಯಳಂದೂರಿನಲ್ಲಿ ಮಣಿಯವರ ತಂಡ ಸುಮಾರು 65,000 ಜನರಲ್ಲಿ ಅಪಸ್ಮಾರದ ಸಮೀಕ್ಷೆ ಮಾಡಿತು. ಅದರ ಫಲಿತಾಂಶ 1998ರಲ್ಲಿ ಪ್ರಕಟವಾಯಿತು.

ಇತ್ತ ವ್ಯಕ್ತಿತ್ವದ ಕಥೆಗೆ ಹಳೆಯ ಕಳಂಕವೊಂದು ಅಂಟಿಕೊಂಡಿತ್ತು. ಮೂರ್ಛೆ ಬರುವವರು ಮುಂಗೋಪಿಗಳು, ಹಟಮಾರಿಗಳು ಎಂದು ಹತ್ತೊಂಬತ್ತನೆಯ ಶತಮಾನದ ಯುರೋಪಿನ ಮನೋವೈದ್ಯರು ನಂಬಿದ್ದರು. ಅದಕ್ಕೆ 'ಅಪಸ್ಮಾರಿ ಸ್ವಭಾವ' ಎಂಬ ಹೆಸರನ್ನೂ ಕೊಟ್ಟಿದ್ದರು. 1943ರಲ್ಲಿ ಮಿನೆಸೋಟದ ಮನಶ್ಶಾಸ್ತ್ರಜ್ಞ ಹ್ಯಾಥವೇ ಮತ್ತು ನರ-ಮನೋವೈದ್ಯ ಮೆಕಿನ್ಲಿ ಪ್ರಕಟಿಸಿದ ಬಹುಮುಖಿ ಪ್ರಶ್ನಾವಳಿ ಊಹೆಯ ಜಾಗಕ್ಕೆ ಅಂಕಿಗಳನ್ನು ತಂದಿತು. ಅದರ 'ಸಹಜ' ಮಾದರಿಯೆಂದರೆ ಮುಖ್ಯವಾಗಿ ಅಲ್ಲಿನ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಬಂದಿದ್ದ ನಂಟರಿಷ್ಟರು, 724 ಮಂದಿ. ಮೈ ಜೋಮು ಹಿಡಿಯುವುದು, ಪ್ರಜ್ಞೆ ತಪ್ಪುವುದು, ಫಿಟ್ಸ್ ಬರುವುದು ಇವೆಲ್ಲ ಅದರ ಪ್ರಶ್ನೆಗಳಲ್ಲಿ ಇವೆ. ನರರೋಗಿ ಪ್ರಾಮಾಣಿಕವಾಗಿ 'ಹೌದು' ಎಂದರೆ ಹಿಸ್ಟೀರಿಯ, ಇಲ್ಲದ ರೋಗದ ಭಯ, ಸ್ಕಿಜೋಫ್ರೇನಿಯ ಇವುಗಳ ಅಳತೆಗಳು ಮೇಲೇರುತ್ತವೆ. ಈ ತೊಡಕಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾಸ್ 1991ರಲ್ಲಿ ಒಂದು ತಿದ್ದುಪಡಿ ಸೂಚಿಸಿದರು: ತಲೆಗೆ ಪೆಟ್ಟು ಬಿದ್ದವರ ವಿಷಯದಲ್ಲಿ 14 ಪ್ರಶ್ನೆಗಳನ್ನು ಬೇರೆಯಾಗಿ ಎಣಿಸಬೇಕು. ಅಂದರೆ ಸಾಧನ ಬಂದು ಸುಮಾರು ಅರ್ಧ ಶತಮಾನದ ಮೇಲೆ! ಅಷ್ಟರೊಳಗೆ ಎಷ್ಟು ಜನರ ಕಡತದಲ್ಲಿ ತಪ್ಪು ಮಾತು ಉಳಿಯಿತೋ ಎಂದು ನೆನೆದರೆ ಸಂಕಟವಾಗುತ್ತದೆ.

ನಾವು ಮಿನೆಸೋಟದ ಪ್ರಶ್ನೆಗಳನ್ನೇ ನೆಚ್ಚಿಕೊಳ್ಳಬೇಕಾಗಿರಲಿಲ್ಲ; ಮನಶ್ಶಾಸ್ತ್ರ ಮೈಸೂರಿಗೆ ತಡವಾಗಿ ಬಂದ ವಿದ್ಯೆಯಲ್ಲ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ 1924ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಪಕ್ಕದ ಹಳ್ಳಿಯ ಬಚ್ಚಲಮನೆಗೆ ಒಗ್ಗುವ ಪ್ರಶ್ನೆಗಳನ್ನು ಕಟ್ಟಲು ಬೇಕಾದ ವಿದ್ಯೆ ಇಲ್ಲೇ ಇತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಿಸಿನೀರಿನ ಅಪಸ್ಮಾರದಲ್ಲಿ, ರೋಗಲಕ್ಷಣವನ್ನು ಸ್ವಭಾವವೆಂದು ಎಣಿಸಿಬಿಡುವ ಈ ತೊಡಕು ಇನ್ನೂ ಆಳಕ್ಕಿಳಿಯುತ್ತದೆ. ಕೆಲವು ರೋಗಿಗಳಿಗೆ ಆ ಕ್ಷಣದಲ್ಲಿ ಹಿತವೆನಿಸುತ್ತದೆ. ಬೇಡವೆಂದರೂ ಕೇಳದೆ ಚೊಂಬಿನ ಮೇಲೆ ಚೊಂಬು ಸುರಿದುಕೊಳ್ಳುತ್ತಾರೆ. ಮನೆಯವರಿಗೆ ಅದು ಮೊಂಡುತನ, ಇಲ್ಲವೇ ಗಾಳಿ ಸೋಕು. ಪರೀಕ್ಷಕನ ಹಾಳೆಯಲ್ಲಿ ಅದೇ 'ಹಿಡಿತವಿಲ್ಲದ ಸ್ವಭಾವ' ಆಗಬಹುದು. ಆದರೆ ಸುರಿಯುವ ಆ ಕೈಯನ್ನು ನಡೆಸುತ್ತಿರುವುದು ಆಗಲೇ ಶುರುವಾಗಿರುವ ಮೂರ್ಛೆಯೂ ಇರಬಹುದು. ಹಾಗಾಗಿ ಅಂಕ ಹಾಕುವ ಮುನ್ನ ರೋಗಿಯ ತಾಯಿಯನ್ನೋ ಹೆಂಡತಿಯನ್ನೋ ಕೂರಿಸಿಕೊಂಡು ಕೇಳಬೇಕು: ನೀರು ಎಷ್ಟು ಬಿಸಿ ಇತ್ತು, ಎಷ್ಟನೆಯ ಚೊಂಬಿಗೆ ಕಣ್ಣು ನಿಂತಿತು, ಉಗುರುಬೆಚ್ಚಗಿನ ನೀರಿನಲ್ಲಿ ಮಿಂದ ದಿನವೂ ಹೀಗೆ ಆಯಿತೇ?