ಬೆಲೆ ಬಯಲಿಗೆ ಬಂದ ಮೇಲೆ

ಮುಂಬಯಿಯ ಹಳೆಯ ಗ್ಯಾಲರಿಗಳಲ್ಲಿ ಚಿತ್ರದ ಪಕ್ಕ ಬೆಲೆ ಬರೆದಿರುತ್ತಿರಲಿಲ್ಲ. ಚಿತ್ರದ ಹೆಸರು, ತೈಲವರ್ಣವೋ ಜಲವರ್ಣವೋ, ಅಳತೆ, ವರ್ಷ, ಇಷ್ಟೇ. ಬೆಲೆಯ ಪಟ್ಟಿ ಮೇಜಿನ ಡ್ರಾವರಿನೊಳಗೆ. ಕೇಳಿದವರಿಗೆ ತೋರಿಸುತ್ತಿದ್ದರು, ಆದರೆ ಕೇಳುವ ಧೈರ್ಯ ಎಲ್ಲರಿಗೂ ಇರಲಿಲ್ಲ. ಮಾರಾಟವಾದ ಚಿತ್ರದ ಕೆಳಗೆ ಒಂದು ಕೆಂಪು ಚುಕ್ಕೆ ಬೀಳುತ್ತಿತ್ತು. ಯಾರು ಕೊಂಡರು, ಎಷ್ಟಕ್ಕೆ ಕೊಂಡರು ಎಂಬುದು ಆ ಚುಕ್ಕೆಯ ಹಿಂದೆಯೇ ಉಳಿಯುತ್ತಿತ್ತು. ಆನ್‌ಲೈನ್ ಹರಾಜು ಬಂದಾಗ ಮೊದಲು ಒಡೆದದ್ದು ಈ ಗುಟ್ಟು. ಮನೆಯಲ್ಲೇ ಕೂತು ಚಿತ್ರ ಕೊಳ್ಳಬಹುದು ಎಂಬ ಅನುಕೂಲಕ್ಕಿಂತ, ನಿನ್ನೆ ಅದು ಎಷ್ಟಕ್ಕೆ ಹೋಯಿತೆಂದು ಊರಿಗೆಲ್ಲ ಗೊತ್ತಾದದ್ದು ದೊಡ್ಡ ಬದಲಾವಣೆ.

ಈ ಊರಿನಲ್ಲಿ ಆಧುನಿಕ ಚಿತ್ರಗಳ ವ್ಯಾಪಾರ ಬೆಳೆದದ್ದು ಪರಿಚಯದ ಮೇಲೆ. ಕೇಕೂ ಗಾಂಧಿ ಎಂಬ ಪಾರ್ಸಿ ಯುವಕ 1941ರಲ್ಲಿ ಚಿತ್ರಗಳಿಗೆ ಕಟ್ಟು ಹಾಕಿಕೊಡುವ ವ್ಯಾಪಾರ ಶುರುಮಾಡಿದರು. ಕೆಮಿಕಲ್ ಮೋಲ್ಡಿಂಗ್ ಎಂಬ ಎರಡು ಪದಗಳನ್ನು ಮುರಿದು ಜೋಡಿಸಿದ 'ಕೆಮೋಲ್ಡ್' ಎಂಬುದು ಅಂಗಡಿಯ ಹೆಸರು. ಕಟ್ಟುಗಳು ಚೆನ್ನಾಗಿ ಕಾಣಲೆಂದು ಅವುಗಳೊಳಗೆ ಆಗಿನ ಹೊಸ ಕಲಾವಿದರ ಚಿತ್ರಗಳನ್ನಿಟ್ಟು ಅಂಗಡಿಯ ಮುಂದೆ ತೂಗುಹಾಕಿದರು. ಕಟ್ಟು ಕೇಳಲು ಬಂದವರಲ್ಲಿ ಕೆಲವರು ಚಿತ್ರವನ್ನೂ ಕೇಳಿದರು. ಕೊಂಡವರಲ್ಲಿ ಮುಂದಿದ್ದವರು ಯುರೋಪಿನಿಂದ, ಹೆಚ್ಚಾಗಿ ಹಿಟ್ಲರನ ದೆಸೆಯಿಂದ, ಇಲ್ಲಿಗೆ ಬಂದು ಸೇರಿದ್ದವರು: ವಿಮರ್ಶಕ ರುಡಾಲ್ಫ್ ಫಾನ್ ಲೈಡನ್, ಟೈಮ್ಸ್ ಆಫ್ ಇಂಡಿಯಾದಲ್ಲಿ ಕಲಾ ನಿರ್ದೇಶಕರಾಗಿದ್ದ ವಾಲ್ಟರ್ ಲಾಂಗ್‌ಹ್ಯಾಮರ್, ಔಷಧ ಉದ್ಯಮದ ಇಮಾನ್ಯುಯೆಲ್ ಶ್ಲೆಸಿಂಗರ್. ಹುಸೇನ್, ರಝಾ, ಆರಾ ಮೊದಲಾದವರ ಆರಂಭದ ದಿನಗಳ ಅನ್ನ ಬಹುಮಟ್ಟಿಗೆ ಈ ಮೂರು ಮನೆಗಳ ಗೋಡೆಗಳಿಂದ ಬಂತು ಎಂದರೆ ಉತ್ಪ್ರೇಕ್ಷೆಯಾಗಲಾರದು.

ಇಲ್ಲಿ ಒಬ್ಬ ಕನ್ನಡಿಗರ ಹೆಸರು ಬರಬೇಕು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕೆಲವು ವರ್ಷ ಕಲಿಸಿ, ಬಳಿಕ ಕುಂಚವನ್ನೇ ನಂಬಿ ಬದುಕಿದವರು. ಬೊಂಬಾಯಿಯಲ್ಲಿ ಕಲಾವಿದರು ತಾವೇ ಬಾಡಿಗೆ ಕೊಟ್ಟು ಚಿತ್ರ ಪ್ರದರ್ಶಿಸಲು ಒಂದು ಸಾರ್ವಜನಿಕ ಜಾಗವೇ ಇರಲಿಲ್ಲ. ಹೆಬ್ಬಾರರೂ ವಿಜ್ಞಾನಿ ಹೋಮಿ ಭಾಭಾ ಅವರೂ ಒತ್ತಾಯಿಸಿದ ಮೇಲೆ ಸರ್ ಕಾವಸ್‌ಜಿ ಜಹಾಂಗೀರ್ ಹಣ ಕೊಟ್ಟು ಕಟ್ಟಿಸಿದ್ದೇ ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ. ಅದು ತೆರೆದದ್ದು 1952ರಲ್ಲಿ. 1963ರಲ್ಲಿ ಅದೇ ಕಟ್ಟಡದ ಮೊದಲ ಮಹಡಿಗೆ ಕೆಮೋಲ್ಡ್ ಗ್ಯಾಲರಿ ಬಂತು. ಅದೇ ವರ್ಷ ಫ್ಲೋರಾ ಫೌಂಟನ್ ಹತ್ತಿರ ಪುಂಡೋಲೆ ಗ್ಯಾಲರಿ ಬಾಗಿಲು ತೆರೆಯಿತು. ನಲವತ್ತು ವರ್ಷ ಚಿತ್ರದ ಮಾರುಕಟ್ಟೆ ಎಂದರೆ ಹೆಚ್ಚುಕಡಿಮೆ ಈ ಒಂದೆರಡು ಕಿಲೋಮೀಟರ್. ವಿರಾರದಲ್ಲಿ ಬಾಡಿಗೆಗಿದ್ದ ಕಲಾವಿದ ಸುಮಾರು 60 ಕಿಲೋಮೀಟರ್ ಲೋಕಲ್ ರೈಲಿನಲ್ಲಿ ಕ್ಯಾನ್ವಾಸ್ ಹೊತ್ತು ಚರ್ಚ್‌ಗೇಟಿಗೆ ಬಂದು ಇಳಿಯಬೇಕು. ಜಹಾಂಗೀರ್‌ನಲ್ಲಿ ಒಂದು ವಾರದ ಜಾಗಕ್ಕೆ ವರ್ಷಗಟ್ಟಲೆ ಕಾಯಬೇಕು. ಕಾಯಲಾರದವರು ಗ್ಯಾಲರಿಯ ಹೊರಗಿನ ಫುಟ್‌ಪಾತಿನಲ್ಲೇ ಚಿತ್ರಗಳನ್ನು ಸಾಲಾಗಿ ನಿಲ್ಲಿಸಿದರು. ಆ ಫುಟ್‌ಪಾತಿನ ಮಾರಾಟವೇ ಕಾಲಕ್ರಮೇಣ ಒಂದು ಸಂಸ್ಥೆಯಂತಾಯಿತು. ಒಂದು ಮಾತು ಗಮನಿಸಬೇಕು: ಅಲ್ಲಿ ಬೆಲೆ ಕೇಳಲು ಯಾರಿಗೂ ಸಂಕೋಚವಿರಲಿಲ್ಲ.

2000ನೇ ಇಸವಿಯಲ್ಲಿ ದಿನೇಶ್ ವಝಿರಾನಿ, ಮಿನಾಲ್ ವಝಿರಾನಿ ದಂಪತಿ ಮುಂಬಯಿಯಲ್ಲಿ ಸ್ಯಾಫ್ರನ್‌ಆರ್ಟ್ ಶುರುಮಾಡಿದರು. ತಾವೇ ಚಿತ್ರ ಕೊಳ್ಳಲು ಹೊರಟಾಗ ಯಾವುದಕ್ಕೆ ಎಷ್ಟು ಬೆಲೆ ಎಂದು ಹೇಳುವವರೇ ಸಿಗದಿದ್ದುದು ಅವರಿಗೆ ದಾರಿ ತೋರಿಸಿತು. ಕಾಲವೇನೂ ಒಳ್ಳೆಯದಾಗಿರಲಿಲ್ಲ. ಡಾಟ್‌ಕಾಮ್ ಗುಳ್ಳೆ ಒಡೆದು ಕೆಲವು ತಿಂಗಳಷ್ಟೇ ಆಗಿತ್ತು. ಭಾರತದ ಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿ ಐದೇ ವರ್ಷ. ವಿದ್ಯುನ್ಮಾನ ದಾಖಲೆಗೆ ಕಾನೂನಿನ ಮಾನ್ಯತೆ ಕೊಟ್ಟ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ರ ಅಕ್ಟೋಬರ್ 17ರಂದು. ಸ್ಯಾಫ್ರನ್‌ಆರ್ಟ್‌ನ ಮೊದಲ ಆನ್‌ಲೈನ್ ಹರಾಜು ಅದೇ ಡಿಸೆಂಬರಿನಲ್ಲಿ. ಹಳೆಯ ಕ್ಯಾಮೆರಾ, ಮೊಬೈಲು ಮಾರುವ ಬಾಝೀ.ಕಾಮ್ ಕೂಡ ಇದೇ ಊರಿನಲ್ಲಿ, ಇದೇ ವರ್ಷ ಶುರುವಾಗಿತ್ತು. ಆದರೆ ಕ್ಯಾಮೆರಾ ಒಂದರಂತೆ ಇನ್ನೊಂದಿರುತ್ತದೆ. ಗಾಯ್ತೋಂಡೆಯವರ ಒಂದು ಕ್ಯಾನ್ವಾಸ್‌ನಂತೆ ಇನ್ನೊಂದಿಲ್ಲ. ಕಣ್ಣೆದುರು ಇಲ್ಲದ, ಒಂದೇ ಒಂದಿರುವ ವಸ್ತುವಿಗೆ ಲಕ್ಷಗಟ್ಟಲೆ ಹಣ ಕೊಡಿ ಎನ್ನುವುದು ಹುಚ್ಚು ಸಾಹಸವಾಗಿಯೇ ಕಂಡಿರಬೇಕು.

'ಹರಾಜು' ಪದವೇ ದೊಡ್ಡ ಗದ್ದಲದ ಪದ. ಅರಬ್ಬಿಯ ಮೂಲದ್ದು. ನಮ್ಮ ಕರಾವಳಿಯಲ್ಲಿ ಇದನ್ನೇ 'ಏಲಂ' ಎನ್ನುತ್ತಾರೆ, ಮರಾಠಿಯವರು 'ಲಿಲಾವ್' ಎನ್ನುತ್ತಾರೆ. ಎರಡಕ್ಕೂ ಪೋರ್ಚುಗೀಸರ 'ಲೈಲಾಂವ್' ಮೂಲ. ಮೂರು ಮಾತುಗಳಲ್ಲೂ ಕೂಗುವ ದನಿಯಿದೆ, ಸುತ್ತ ನೆರೆದ ಜನವಿದೆ, 'ಒಂದನೇ ಸಲ, ಎರಡನೇ ಸಲ' ಇದೆ. ಹೊಸ ಹರಾಜಿನಲ್ಲಿ ಕೂಗುವವನಿಲ್ಲ, ಸುತ್ತಿಗೆಯಿಲ್ಲ. ಹರಾಜು ಒಂದೆರಡು ದಿನ ತೆರೆದಿರುತ್ತದೆ, ಚಿತ್ರಗಳು ಗುಂಪುಗುಂಪಾಗಿ ಮುಗಿಯುತ್ತವೆ. ಕೊನೆಯ ನಿಮಿಷಗಳಲ್ಲಿ ಯಾರಾದರೂ ಬೆಲೆ ಏರಿಸಿದರೆ ಗಡಿಯಾರವೇ ಕೆಲವು ನಿಮಿಷ ಹಿಂದೆ ಸರಿಯುತ್ತದೆ, ಇನ್ನೊಬ್ಬರಿಗೆ ಯೋಚಿಸಲು ಅವಕಾಶ. ಬೆಲೆ ರೂಪಾಯಿಯಲ್ಲೂ ಡಾಲರಿನಲ್ಲೂ ಕಾಣುತ್ತದೆ. ಕೂಗಿದವರ ಹೆಸರು ಗುಟ್ಟು, ಕೂಗಿದ ಮೊತ್ತ ಬಹಿರಂಗ. ಇಷ್ಟಾದರೂ ಹಳೆಯ ರೂಢಿಗಳನ್ನು ಬಿಡಲಿಲ್ಲ: ಹೊಳಪು ಕಾಗದದ ಕ್ಯಾಟಲಾಗ್ ಅಚ್ಚಾಗುತ್ತಿತ್ತು, ಹರಾಜಿಗೆ ಮುನ್ನ ಚಿತ್ರಗಳನ್ನು ಮುಂಬಯಿಯಲ್ಲೂ ನ್ಯೂಯಾರ್ಕಿನಲ್ಲೂ ಗೋಡೆಗೆ ಹಾಕಿ ನೋಡಲು ಕೊಡುತ್ತಿದ್ದರು. ಪರದೆಯ ಮೇಲಿನ ಬಣ್ಣವನ್ನು ನಂಬುವವರು ಬಹಳ ಇರಲಿಲ್ಲ, ನಂಬದಿದ್ದುದೂ ಸರಿಯೇ.

ಬೆಲೆ ಬಯಲಾದದ್ದರಿಂದ ಬಂದ ಹೊಸ ಗಿರಾಕಿಗಳೆಂದರೆ ಅಮೆರಿಕ, ಇಂಗ್ಲೆಂಡು, ಕೊಲ್ಲಿ ದೇಶಗಳ ಭಾರತೀಯರು. ಗ್ಯಾಲರಿಯವರ ಪರಿಚಯ ಅವರಿಗಿರಲಿಲ್ಲ. ಕಳೆದ ಹರಾಜುಗಳ ಪಟ್ಟಿ ಮಾತ್ರ ಕೈಯಲ್ಲಿತ್ತು. ಅದೇ ಸಾಕಾಯಿತು. 2002ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್‌ನಲ್ಲಿ ತೈಯಬ್ ಮೆಹ್ತಾ ಅವರ 'ಸೆಲೆಬ್ರೇಷನ್' 3,17,500 ಡಾಲರಿಗೆ, ಅಂದರೆ ಸುಮಾರು ಒಂದೂವರೆ ಕೋಟಿ ರೂಪಾಯಿಗೆ, ಹೋಯಿತು. ಮೂರೇ ವರ್ಷದಲ್ಲಿ ಅವರ 'ಮಹಿಷಾಸುರ' ಅಲ್ಲಿಯೇ 15 ಲಕ್ಷ ಡಾಲರ್ ದಾಟಿತು. ಆ ಸುದ್ದಿ ಮುಂಬಯಿಯ ವೆಬ್‌ಸೈಟಿನ ಬೆಲೆಗಳನ್ನೂ ಏರಿಸಿತು, ಆ ಬೆಲೆಗಳು ಮತ್ತೆ ನ್ಯೂಯಾರ್ಕಿಗೆ ಏಣಿಯಾದವು.

ಬೆಲೆಯ ಪಟ್ಟಿ ಇದ್ದಲ್ಲಿ ಶೇರುಪೇಟೆಯ ಬುದ್ಧಿ ಬರದೆ ಇರುತ್ತದೆಯೇ? ಚಿತ್ರಗಳನ್ನು ನೋಡದೆ, ಗ್ರಾಫನ್ನು ನೋಡಿ ಕೊಳ್ಳುವವರು ಬಂದರು. ಇದೇ ಊರಿನ ಓಸಿಯಾನ್ಸ್ 2006ರಲ್ಲಿ ನೂರು ಕೋಟಿಗೂ ಮೀರಿದ ಕಲಾ ನಿಧಿ ಕೂಡಿಸಿತು. 2008ರಲ್ಲಿ ಜಗತ್ತಿನ ಹಣಕಾಸು ಕುಸಿದಾಗ ಚಿತ್ರದ ಬೆಲೆಯೂ ಕುಸಿಯಿತು. ನಿಧಿ ಹೂಡಿಕೆದಾರರಿಗೆ ಹೊತ್ತಿಗೆ ಸರಿಯಾಗಿ ಹಣ ಮರಳಿಸಲಾಗದೆ ಹೋಯಿತು. ಬೆಲೆಯ ಬೆನ್ನಿಗೆ ನಕಲಿಗಳೂ ಬಂದವು. 2009ರ ಜನವರಿಯಲ್ಲಿ ಸೈಯದ್ ಹೈದರ್ ರಝಾ ದೆಹಲಿಯ ಗ್ಯಾಲರಿಯೊಂದರಲ್ಲಿ ತಮ್ಮದೇ ಚಿತ್ರಗಳ ಪ್ರದರ್ಶನ ಉದ್ಘಾಟಿಸಲು ಹೋಗಿ, ಗೋಡೆಯ ಮೇಲಿರುವ ಚಿತ್ರಗಳು ತಮ್ಮವಲ್ಲ ಎಂದು ಕಂಡುಕೊಂಡರು. ಬರೆದವನೇ ಬದುಕಿದ್ದು ಎದುರು ನಿಂತು ಹೇಳಿದ್ದರಿಂದ ಅದು ಗೊತ್ತಾಯಿತು. ಪರದೆಯ ಮೇಲಿನ ಫೋಟೋ ನೋಡಿ ಕೊಳ್ಳುವವರಿಗೆ ಉಳಿದ ಆಸರೆ ಒಂದೇ: ಚಿತ್ರ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಕಾಗದಪತ್ರ.

ಇಷ್ಟೆಲ್ಲ ಹಣ ಯಾರ ಕೈಸೇರಿತು? ಹರಾಜಿಗೆ ಬರುವ ಚಿತ್ರವನ್ನು ಬರೆದವರು ಎಂದೋ ಮಾರಿರುತ್ತಾರೆ. ತೈಯಬ್ ಮೆಹ್ತಾ ಅವರ ಚಿತ್ರಗಳು ದಾಖಲೆ ಮಾಡುತ್ತಿದ್ದ ವರ್ಷಗಳಲ್ಲಿ ಅವರು ಅಂಧೇರಿಯ ಲೋಖಂಡ್‌ವಾಲಾದ ಒಂದು ಸಾಧಾರಣ ಫ್ಲ್ಯಾಟಿನಲ್ಲಿದ್ದರು, 2009ರಲ್ಲಿ ತೀರಿಕೊಂಡರು. ನ್ಯೂಯಾರ್ಕಿನ ಮರುಮಾರಾಟದಲ್ಲಿ ಕಲಾವಿದನಿಗೆ ಪಾಲು ಕೊಡಬೇಕೆಂಬ ಕಾನೂನು ಅಲ್ಲಿಲ್ಲ. ಆದರೆ ಭಾರತದಲ್ಲಿ ಇದೆ! ಫ್ರಾನ್ಸ್ 1920ರಲ್ಲೇ ಇಂಥ ಹಕ್ಕು ಕೊಟ್ಟಿತ್ತು. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ತಂದು 53ಎ ಎಂಬ ಕಲಮು ಸೇರಿಸಿದರು. ಮೂಲ ಚಿತ್ರವೋ ಶಿಲ್ಪವೋ, ಸಾಹಿತ್ಯಕೃತಿಯ ಮೂಲ ಹಸ್ತಪ್ರತಿಯೋ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮತ್ತೆ ಮಾರಾಟವಾದರೆ ಅದರಲ್ಲಿ ಕರ್ತೃವಿಗೆ ಅಥವಾ ವಾರಸುದಾರರಿಗೆ ಪಾಲು ಉಂಟು. ಪಾಲು ಶೇಕಡಾ 10ನ್ನು ಮೀರಬಾರದು. ಎಷ್ಟೆಂಬುದನ್ನು ಕೃತಿಸ್ವಾಮ್ಯ ಮಂಡಳಿ ಗೊತ್ತುಮಾಡಬೇಕು. ಸ್ಯಾಫ್ರನ್‌ಆರ್ಟ್ ಹುಟ್ಟುವುದಕ್ಕೆ ಐದು ವರ್ಷ ಮೊದಲೇ ಇದು ಜಾರಿಯಲ್ಲಿತ್ತು. ಮುಂದೆ ಮಂಡಳಿಯ ಕೆಲಸ 2017ರಲ್ಲಿ ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿಗೆ ಹೋಯಿತು. 2021ರಲ್ಲಿ ಆ ಮಂಡಳಿಯನ್ನೂ ತೆಗೆದುಹಾಕಿ ವಾಣಿಜ್ಯ ನ್ಯಾಯಾಲಯಗಳಿಗೆ ಒಪ್ಪಿಸಿದರು. ಕಲಮು ಕಚೇರಿಯಿಂದ ಕಚೇರಿಗೆ ಅಲೆಯಿತೇ ಹೊರತು ಕಲಾವಿದರ ಮನೆ ಬಾಗಿಲಿಗೆ ವಾಡಿಕೆಯಾಗಿ ಬರಲಿಲ್ಲ.

ಈ ಹಕ್ಕನ್ನು ಜಾರಿಮಾಡುವುದು ಕಷ್ಟ ಎನ್ನಲು ಹಿಂದೆ ಒಂದು ಕಾರಣವಿತ್ತು. ಡ್ರಾವರಿನೊಳಗಿನ ಬೆಲೆ, ನಗದಿನ ವ್ಯವಹಾರ; ಯಾವ ಚಿತ್ರ ಯಾರ ಮನೆಯಿಂದ ಯಾರ ಮನೆಗೆ ಹೋಯಿತೆಂದು ಹುಡುಕುವವರು ಯಾರು? ಆನ್‌ಲೈನ್ ಹರಾಜು ಆ ಕಾರಣವನ್ನು ಇಲ್ಲವಾಗಿಸಿತು. ಚಿತ್ರ, ದಿನಾಂಕ, ಬೆಲೆ ಎಲ್ಲವೂ ದಾಖಲಾಗಿ ಎಲ್ಲರ ಕಣ್ಣೆದುರಿಗಿವೆ. ಹರಾಜು ಮನೆಯ ಶುಲ್ಕವನ್ನೂ ಸರ್ಕಾರದ ತೆರಿಗೆಯನ್ನೂ ಪೈಸೆ ಬಿಡದೆ ಲೆಕ್ಕ ಹಾಕುವ ಬಿಲ್ಲಿನಲ್ಲಿ ಕಲಾವಿದನ ಪಾಲಿಗೆ ಇನ್ನೊಂದು ಸಾಲು ಸೇರಿಸುವುದು ತಂತ್ರಜ್ಞಾನದ ಸಮಸ್ಯೆ ಖಂಡಿತ ಅಲ್ಲ. ಮನಸ್ಸಿನ ಸಮಸ್ಯೆ, ಮತ್ತು ಕೇಳುವವರು ಒಗ್ಗಟ್ಟಾಗಿಲ್ಲದ ಸಮಸ್ಯೆ.

ಬದುಕಿರುವ, ಹೆಸರಾಗದ ಕಲಾವಿದರ ಕಥೆ ಬೇರೆ. 2010ರ ದಶಕದಲ್ಲಿ ಅವರಿಗೂ ಆನ್‌ಲೈನ್ ಅಂಗಡಿಗಳು ತೆರೆದವು. ಸ್ಯಾಫ್ರನ್‌ಆರ್ಟ್ ತಾನೇ 2013ರಲ್ಲಿ 'ಸ್ಟೋರಿ ಲಿಮಿಟೆಡ್' ಎಂಬ ಕಡಿಮೆ ಬೆಲೆಯ ಮಳಿಗೆ ಹೂಡಿತು. ಡೊಂಬಿವಿಲಿಯ ಒಂದು ಕೋಣೆಯಿಂದಲೇ ಬೋಸ್ಟನ್‌ಗೆ ಮಾರಬಹುದು ಎಂಬ ಆಸೆ ಸುಳ್ಳೇನಲ್ಲ. ಲೆಕ್ಕ ಮಾತ್ರ ಬಿಗಿ. ಲಾಸ್ ಏಂಜಲೀಸಿನ ಸಾಚಿ ಆರ್ಟ್ ಮಾರಿದ ಬೆಲೆಯಲ್ಲಿ ಶೇಕಡಾ 40 ಇಟ್ಟುಕೊಳ್ಳುತ್ತದೆ. ಹಾಗಾದರೆ 30 ಸಾವಿರದ ಚಿತ್ರಕ್ಕೆ ಕೈಗೆ ಬರುವುದು 18 ಸಾವಿರ. ಕ್ಯಾನ್ವಾಸು, ಬಣ್ಣ, ಪ್ಯಾಕಿಂಗ್ ಅದರಲ್ಲೇ. 2017ರಲ್ಲಿ ಜಿಎಸ್‌ಟಿ ಬಂದಾಗ ಇನ್ನೊಂದು ತೊಡಕು: ಫುಟ್‌ಪಾತಿನಲ್ಲಿ ಸರಕು ಮಾರುವವರಿಗೆ ವಹಿವಾಟು ಮಿತಿ ದಾಟುವ ತನಕ ನೋಂದಣಿ ಬೇಡ, ಅದೇ ಸರಕನ್ನು ಆನ್‌ಲೈನ್ ವೇದಿಕೆಯ ಮೂಲಕ ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಎಂಬುದು ಸಾಮಾನ್ಯ ನಿಯಮ. 2023ರ ಅಕ್ಟೋಬರಿನಿಂದ ಸಣ್ಣವರಿಗೆ ಸಡಿಲಿಕೆ ಸಿಕ್ಕಿತು, ಅದೂ ರಾಜ್ಯದೊಳಗಿನ ಮಾರಾಟಕ್ಕೆ. ಡೊಂಬಿವಿಲಿಯಿಂದ ಪುಣೆಗೆ ಸಲೀಸು, ಬೆಳಗಾವಿಗೆ ಇಲ್ಲ. ಚಿತ್ರಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರಿನಲ್ಲಿ ಶೇಕಡಾ 12ರಿಂದ 5ಕ್ಕೆ ಇಳಿದದ್ದು ಕೊಳ್ಳುವವರಿಗೂ ಮಾರುವವರಿಗೂ ಒಂದಿಷ್ಟು ನಿರಾಳ.

2020ರ ಲಾಕ್‌ಡೌನ್‌ನಲ್ಲಿ ದೊಡ್ಡ ಗ್ಯಾಲರಿಗಳಿಗೂ ಪರದೆಯೇ ಗತಿಯಾಯಿತು. ಕೆಮೋಲ್ಡ್ ಪ್ರೆಸ್ಕಾಟ್ ರೋಡ್ ಸೇರಿದಂತೆ ಹಲವು ಗ್ಯಾಲರಿಗಳು ಕೂಡಿ 'ಇನ್ ಟಚ್' ಎಂಬ ಆನ್‌ಲೈನ್ ಪ್ರದರ್ಶನ ನಡೆಸಿದವು. ಪೈಪೋಟಿಯವರೆಲ್ಲ ಒಂದೇ ಪುಟದಲ್ಲಿ ನಿಂತದ್ದು ಅಪರೂಪ.

2025ರ ಸೆಪ್ಟೆಂಬರಿನಲ್ಲಿ ಸ್ಯಾಫ್ರನ್‌ಆರ್ಟ್ ಹರಾಜಿನಲ್ಲಿ ಗಾಯ್ತೋಂಡೆಯವರ ಒಂದು ಕ್ಯಾನ್ವಾಸ್ 67 ಕೋಟಿ ರೂಪಾಯಿ ದಾಟಿತು. 53ಎ ಕಲಮಿನ ಪಾಲು ಕೃತಿಸ್ವಾಮ್ಯ ಇರುವಷ್ಟು ಕಾಲ, ಅಂದರೆ ಕಲಾವಿದ ತೀರಿಕೊಂಡ ಮೇಲೆ 60 ವರ್ಷ, ಊರ್ಜಿತ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ. ಅವರ ಚಿತ್ರಗಳು ಈಗಲೂ ಹರಾಜಿಗೆ ಬರುತ್ತವೆ. ಅವುಗಳ ಮೇಲಿನ ಹಕ್ಕು 2056ರ ಕೊನೆಯ ತನಕ ಇದೆ.