ಚೆನ್ನಾಗಿ ಓಡುವ ಯಂತ್ರವನ್ನು ಬಿಚ್ಚಬೇಕಾ?

ನಾನು ಕೆಲಸ ಮಾಡಿದ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮು ಮುಗಿದ ಕೂಡಲೇ ಒಂದು ಶಾಸ್ತ್ರ ನಡೆಯುತ್ತಿತ್ತು. ಪಂಪು, ಗೇರ್‌ಬಾಕ್ಸು, ಮೋಟಾರು, ಏನೇ ಇರಲಿ ಬಿಚ್ಚೋದು, ತೊಳೆದು ಹೊಸ ಬೇರಿಂಗ್ ಹಾಕಿ ಮತ್ತೆ ಜೋಡಿಸೋದು. ಇಷ್ಟಾದರೂ ಮುಂದಿನ ಹಂಗಾಮಿನ ಮೊದಲ ಹದಿನೈದು ದಿನ ನಮಗೆ ನಿದ್ದೆ ಇರುತ್ತಿರಲಿಲ್ಲ. ಹಿಂದಿನ ವರ್ಷ ಸದ್ದಿಲ್ಲದೆ ಓಡಿದ ಪಂಪೇ ಮೊದಲು ಕೈಕೊಡುತ್ತಿತ್ತು. ಗೇಟಿನ ಹೊರಗೆ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು. ಕಡಿದ ಕಬ್ಬು ಒಣಗಿದರೆ ತೂಕ ಇಳಿಯುತ್ತದೆ, ಅದು ರೈತನ ನಷ್ಟ. ಸಕ್ಕರೆ ಅಂಶವೂ ಕುಸಿಯುತ್ತದೆ, ಅದು ಕಾರ್ಖಾನೆಯದು.

ವಿಶ್ವಾಸಾರ್ಹತೆ ಅಂದರೆ ಯಂತ್ರ ಗಟ್ಟಿಯಾಗಿದೆ ಅನ್ನುವ ಹೊಗಳಿಕೆಯಲ್ಲ. ನಿಗದಿತ ಪರಿಸ್ಥಿತಿಯಲ್ಲಿ, ನಿಗದಿತ ಅವಧಿಯವರೆಗೆ ಅದು ಕೆಡದೆ ಕೆಲಸ ಮಾಡುವ ಸಂಭವನೀಯತೆ. ಇದನ್ನು ಲಭ್ಯತೆಯ ಜೊತೆ ಗೊಂದಲ ಮಾಡಿಕೊಳ್ಳುವವರೇ ಜಾಸ್ತಿ. 1000 ಗಂಟೆಗಳಲ್ಲಿ ಒಂದು ಯಂತ್ರ ಒಮ್ಮೆ ಕೆಟ್ಟು 20 ಗಂಟೆ ನಿಂತಿತು, ಇನ್ನೊಂದು 20 ಸಲ ಕೆಟ್ಟು ಪ್ರತಿ ಸಲ ಒಂದು ಗಂಟೆ ನಿಂತಿತು ಅಂದುಕೊಳ್ಳಿ. ಎರಡರ ಲಭ್ಯತೆಯೂ ಶೇ. 98. ಮ್ಯಾನೇಜರ್ ನೋಡುವ ಹಾಳೆಯಲ್ಲಿ ಎರಡೂ ಒಂದೇ. ಆದರೆ ಮೊದಲನೆಯದು ಒಂದು ವೈಫಲ್ಯಕ್ಕೆ 980 ಗಂಟೆ ಓಡಿದೆ, ಎರಡನೆಯದು ಬರೀ 49. ಗಾಣ ನಿಂತಾಗಲೆಲ್ಲ ರಸ ನಿಂತಲ್ಲೇ ಹುಳಿಯತೊಡಗುತ್ತದೆ ಅನ್ನುವುದು ಆ ಹಾಳೆಗೆ ಗೊತ್ತಿಲ್ಲ.

ಸಾಲು ಬೇರೆ. ಕ್ಯಾರಿಯರ್, ಕಟ್ಟರ್, ಒಂದರ ಹಿಂದೊಂದು ಗಾಣಗಳು, ರಸದ ಪಂಪು: ಒಂದು ನಿಂತರೆ ಎಲ್ಲವೂ ನಿಂತ ಹಾಗೆ. ದಿನವಿಡೀ ಕೆಡದೆ ಓಡುವ ಸಾಧ್ಯತೆ ತಲಾ ಶೇ. 99 ಇರುವ ಹತ್ತು ಯಂತ್ರಗಳು ಹೀಗೆ ಸಾಲಾಗಿದ್ದರೆ, ಇಡೀ ಸಾಲಿನದು ಸುಮಾರು ಶೇ. 90ಕ್ಕೆ ಇಳಿಯುತ್ತದೆ. ಹತ್ತು ದಿನಕ್ಕೊಂದು ದಿನ ತೊಂದರೆ ಗ್ಯಾರಂಟಿ ಅನ್ನಿ.

ಹಾಗಾದರೆ ಹೆಚ್ಚು ಬಿಚ್ಚಿ ಜೋಡಿಸಿದರೆ ವಿಶ್ವಾಸಾರ್ಹತೆ ಹೆಚ್ಚುತ್ತದಾ? ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ 1978ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಕೊಟ್ಟ ವರದಿ ಇದಕ್ಕೇ ಉತ್ತರ. ಅವರು ನೋಡಿದ ವಿಮಾನ ಬಿಡಿಭಾಗಗಳಲ್ಲಿ ವಯಸ್ಸಾದಂತೆ ಕೆಡುವ ಸಾಧ್ಯತೆ ಏರುವಂಥವು ಶೇ. 11 ಮಾತ್ರ. ಶೇ. 68ರಷ್ಟು ಭಾಗಗಳಲ್ಲಿ ಅಪಾಯ ಹೆಚ್ಚಿದ್ದದ್ದು ಹೊಸದಾಗಿ ಕೂರಿಸಿದ ಆರಂಭದಲ್ಲೇ! ನಮ್ಮ ಹದಿನೈದು ದಿನಗಳ ಕಥೆ ಅದೇ. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಬೇರಿಂಗ್, ಗ್ರೀಸಿನಲ್ಲಿ ಸೇರಿದ ಧೂಳು, ಕೂದಲೆಳೆಯಷ್ಟು ತಪ್ಪಿದ ಅಲೈನ್‌ಮೆಂಟ್.

ಬೇರಿಂಗ್ ಕ್ಯಾಟಲಾಗಿನ ಆಯುಷ್ಯವನ್ನೂ ನಾವು ತಪ್ಪಾಗಿ ಓದುತ್ತೇವೆ. 20,000 ಗಂಟೆ ಅಂತಿದ್ದರೆ ಅಷ್ಟರಲ್ಲಿ ನೂರಕ್ಕೆ ಹತ್ತು ಕೆಡಬಹುದು ಎಂದರ್ಥ. ಉಳಿದ ತೊಂಬತ್ತು ಇನ್ನೂ ಓಡುತ್ತಿರುತ್ತವೆ. ಕ್ಯಾಲೆಂಡರ್ ನೋಡಿ ಬದಲಿಸುವಾಗ ನಾವು ಎಸೆಯುವುದು ಬಹುಪಾಲು ಅವನ್ನೇ.

ಹಾಗಂತ ವಿಮಾನದ ಲೆಕ್ಕವನ್ನು ಕಣ್ಣುಮುಚ್ಚಿ ಗಾಣಕ್ಕೆ ಹಚ್ಚಬಾರದು. ರೋಲರ್, ಚೈನು ಸವೆಯುವ ವಸ್ತುಗಳು, ಅವಕ್ಕೆ ಕಾಲಕಾಲಕ್ಕೆ ಕೆಲಸ ಬೇಕೇ ಬೇಕು. ಪಂಪು, ಮೋಟಾರುಗಳಿಗೆ ಮಾತ್ರ ಕಂಪನ, ಬಿಸಿ ಅಳೆದು, ಲಕ್ಷಣ ಕಂಡರೆ ಬಿಚ್ಚೋಣ ಅಂದೆ. ನಮ್ಮ ಹಿರಿಯ ಫಿಟ್ಟರ್ ಒಬ್ಬರು ಸ್ಕ್ರೂಡ್ರೈವರ್ ಹಿಡಿಯನ್ನು ಕಿವಿಗಾನಿಸಿ ಬೇರಿಂಗ್ ಸದ್ದು ಕೇಳುತ್ತಿದ್ದರು, ಅದೂ ಇದೇ ವಿದ್ಯೆ.

"ಬಿಚ್ಚದೆ ಬಿಟ್ಟು ಕೆಟ್ಟರೆ ಹೊಣೆ ಯಾರ್ರೀ, ನೀವಾ?" ಅಂದರು ಮೇಲಿನವರು. ಬಿಚ್ಚಿದ್ದಕ್ಕೇ ಕೆಟ್ಟಾಗ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಕೊನೆಗೆ ಎರಡು ಪಂಪಿಗಷ್ಟೇ ಒಪ್ಪಿಗೆ ಸಿಕ್ಕಿತು, ಅದೂ ಅವಕ್ಕೆ ಸ್ಟ್ಯಾಂಡ್‌ಬೈ ಇತ್ತು ಅನ್ನೋ ಕಾರಣಕ್ಕೆ.