ಜಗಳೂರು ರಸ್ತೆಯಲ್ಲಿ ಒಂದು ಏಟ್ ಹಂಡ್ರೆಡ್

2023ರ ವಿಧಾನಸಭಾ ಚುನಾವಣೆ ಸಮಯ. ದಾವಣಗೆರೆ ಜಿಲ್ಲೆಯ ನಾಲ್ಕು ತಾಲೂಕು ಸುತ್ತಿ ಜನರನ್ನು ಮಾತಾಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಮುಗಿಸಿದ್ದೆವು. ಕೊನೆಯದು ಜಗಳೂರು. ಏಪ್ರಿಲ್ ಕೊನೆಯ ಬಿಸಿಲು. ಊರು ಇನ್ನು ಏಳೆಂಟು ಕಿಲೋಮೀಟರ್ ಇದೆ ಅನ್ನುವಾಗ ನಮ್ಮ ಬಾಡಿಗೆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿಕೊಂಡಿತು. ಎರಡೇ ನಿಮಿಷ, ಗಾಡಿ ನಿಂತೇ ಹೋಯಿತು. ಹದಿನೈದು ಲಕ್ಷದ ಗಾಡಿ, ಎರಡು ವರ್ಷವೂ ತುಂಬಿರಲಿಲ್ಲ. ಕಂಪನಿ ಹೆಸರು ಬೇಡ ಬಿಡಿ.

ನಾನು ಎಂಜಿನಿಯರಿಂಗ್ ಓದಿದವನು. ಜಂಬದಿಂದ ಬಾನೆಟ್ ಎತ್ತಿದೆ. ಕಂಡಿದ್ದು ಒಂದು ದೊಡ್ಡ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಸುಮ್ಮನೆ ಬಾನೆಟ್ ಇಳಿಸಿದೆ. ಅಲ್ಲಿಗೆ ನನ್ನ ಎಂಜಿನಿಯರಿಂಗ್ ಮುಗೀತು.

ಅರ್ಧ ಗಂಟೆ ಕಳೆದ ಮೇಲೆ ಟಿವಿಎಸ್ ಎಕ್ಸೆಲ್ ಮೇಲೆ ಊರಿನ ಮೆಕ್ಯಾನಿಕ್ ಬಂದರು. ಐವತ್ತು ದಾಟಿದ ಮನುಷ್ಯ, ಕೈತುಂಬ ಗ್ರೀಸು. ದೀಪ ನೋಡಿದವರೇ ತಲೆ ಅಲ್ಲಾಡಿಸಿದರು. “ಸರ್, ಇದಕ್ಕೆ ಸ್ಕ್ಯಾನರ್ ಹಾಕಿ ನೋಡ್ಬೇಕು. ನನ್ ಹತ್ರ ಅದಿಲ್ಲ. ದಾವಣಗೆರೆಯಿಂದ ಕಂಪನಿಯೋರೇ ಬರ್ಬೇಕು” ಅಂದರು. ಸಂಜೆ ಆರಕ್ಕೆ ಲೈವ್ ಇದೆ ಅಂದೆವು. ಅವರೇ ಯಾರಿಗೋ ಫೋನ್ ಮಾಡಿ ಒಂದು ಬಿಳಿ ಮಾರುತಿ 800 ತರಿಸಿದರು. 1996ರ ಗಾಡಿ. ತಂದವರು ಅದರ ನಾಲ್ಕನೇ ಮಾಲೀಕರು. ಮೂರು ಜನ, ಕ್ಯಾಮೆರಾ, ಟ್ರೈಪಾಡ್, ಲೈಟು, ಎಲ್ಲ ತುಂಬಿಕೊಂಡು ಅದು ನಮ್ಮನ್ನು ಜಗಳೂರಿನ ಬಸ್ ನಿಲ್ದಾಣದ ಹತ್ತಿರ ಇಳಿಸಿತು. ಲೈವ್ ತಪ್ಪಲಿಲ್ಲ.

27 ವರ್ಷದ ಗಾಡಿ ಓಡಿತು, ಎರಡು ವರ್ಷದ್ದು ನಿಂತಿತು. ಇಷ್ಟಕ್ಕೇ ಹಳೆಯದೆಲ್ಲ ಚಿನ್ನ ಅಂತ ಹೇಳಲು ನಾನು ಹೊರಟಿಲ್ಲ. ಒಂದು ದಿನದ ಪರದಾಟದಿಂದ ಯಾವ ತೀರ್ಮಾನಕ್ಕೂ ಬರಬಾರದು. ಆದರೆ ಒಂದು ಪ್ರಶ್ನೆ ಅವತ್ತಿನಿಂದ ತಲೆಯಲ್ಲಿ ಕೂತಿದೆ. ಅಗ್ಗದ ಕಾರು ಅಂದರೆ ಯಾವುದು ಸ್ವಾಮಿ? ಕೊಳ್ಳುವ ದಿನ ಕಡಿಮೆ ದುಡ್ಡು ಕೇಳುವುದೋ, ಕೊಂಡ ಮೇಲೆ ನಮ್ಮೂರಲ್ಲೇ ರಿಪೇರಿ ಆಗುವುದೋ?

ಮೊದಲು ಇತಿಹಾಸ ನೋಡೋಣ. ಮಾರುತಿ ಹುಟ್ಟಿದ್ದು ಚಂದದ ಕತೆಯೇನಲ್ಲ. ಜನಸಾಮಾನ್ಯರ ಕಾರು ಮಾಡ್ತೀನಿ ಅಂತ ಸಂಜಯ್ ಗಾಂಧಿ 1971ರಲ್ಲಿ ಕಂಪನಿ ಕಟ್ಟಿದರು. ತಾಯಿ ಪ್ರಧಾನಿ, ಮಗನಿಗೆ ಲೈಸೆನ್ಸು. ಸಂಸತ್ತಿನಲ್ಲಿ ಗದ್ದಲವೋ ಗದ್ದಲ. ಜನರ ಕೈಗೆ ಕಾರು ಮಾತ್ರ ಸಿಗಲಿಲ್ಲ, ಕಂಪನಿ ಮುಳುಗಿತು. 1980ರ ಜೂನ್‌ನಲ್ಲಿ ಸಂಜಯ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ಸರ್ಕಾರ ಆ ಕಂಪನಿಯನ್ನು ವಶಕ್ಕೆ ತೆಗೆದುಕೊಂಡಿತು. 1981ರಲ್ಲಿ ಮಾರುತಿ ಉದ್ಯೋಗ್ ಲಿಮಿಟೆಡ್ ಆಯಿತು. 1982ರ ಅಕ್ಟೋಬರ್‌ನಲ್ಲಿ ಜಪಾನಿನ ಸುಜುಕಿ ಶೇ. 26ರ ಪಾಲುದಾರನಾಗಲು ಒಪ್ಪಂದ ಮಾಡಿಕೊಂಡಿತು. 1983ರ ಡಿಸೆಂಬರ್ 14, ಅಂದರೆ ಸಂಜಯ್ ಹುಟ್ಟಿದ ದಿನ, ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗೆ ಇಂದಿರಾ ಗಾಂಧಿ ಮೊದಲ ಕಾರಿನ ಕೀ ಕೊಟ್ಟರು. ಬೆಲೆ ಸುಮಾರು 47,500 ರೂಪಾಯಿ. ಕಾರು ಕಣ್ಣಿಗೆ ಬೀಳುವ ಮೊದಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಮುಂಗಡ ಕಟ್ಟಿ ಕೂತಿದ್ದರು!

ಯಾಕೆ ಅಷ್ಟು ನೂಕುನುಗ್ಗಲು? ಆಗ ಇದ್ದ ಕಾರುಗಳೇ ಬೆರಳೆಣಿಕೆಯಷ್ಟು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ. ದುಡ್ಡು ಕೊಟ್ಟು ವರ್ಷಗಟ್ಟಲೆ ಕಾಯಬೇಕು. ಅಂಥ ಕಾಲದಲ್ಲಿ 796 ಸಿಸಿಯ, ಮೂರು ಸಿಲಿಂಡರ್‌ನ, ಬೆಳಿಗ್ಗೆ ಕೀ ತಿರುಗಿಸಿದರೆ ಗೊಣಗದೆ ಸ್ಟಾರ್ಟ್ ಆಗುವ ಪುಟ್ಟ ಗಾಡಿ ಬಂತು. 1984ರಲ್ಲಿ ಅದೇ ಎಂಜಿನ್ ಹಾಕಿದ ವ್ಯಾನ್ ಬಂತು, ನಾವೆಲ್ಲ ಓಮ್ನಿ ಅಂತ ಕರೆಯುವುದು. 1986ರಲ್ಲಿ 800ರ ಮೈಕಟ್ಟು ಬದಲಾಯಿತು. ನಿಮ್ಮ ಕಣ್ಣ ಮುಂದೆ ಈಗ ಬರುವ ಏಟ್ ಹಂಡ್ರೆಡ್ ಅದೇ.

ಅದು ಶುರುವಾದಾಗ ದಾವಣಗೆರೆ ಜಿಲ್ಲೆಯೇ ಇರಲಿಲ್ಲ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾಗಿದ್ದು ಇತ್ತೀಚೆಗೆ. ಹಾಗಾಗಿ ಚನ್ನಗಿರಿ ಸಂತೆಯಲ್ಲಿ ಹಳೆಯ 800ರ ಮೇಲೆ ಶಿವಮೊಗ್ಗದ ಕೆಎ-14 ಕಂಡರೆ ಹೊರಗಿನ ಗಾಡಿ ಅಂದುಕೊಳ್ಳಬೇಡಿ. ಜಿಲ್ಲೆ ಬದಲಾದರೂ ಗಾಡಿ ಬದಲಾಗಿಲ್ಲ, ಅಷ್ಟೇ.

ಆ ಪ್ರವಾಸದಲ್ಲಿ ನಾನು ಮಾತಾಡಿಸಿದವರಲ್ಲಿ ಈ ಕಾರನ್ನು ಶೋರೂಮಿನಿಂದ ಹೊಸದಾಗಿ ತಂದವರು ಕಡಿಮೆ. ಬೆಂಗಳೂರಲ್ಲಿ ಯಾರೋ ಸಾಕು ಅಂತ ಬಿಟ್ಟಿದ್ದು ದಾವಣಗೆರೆಗೆ ಬಂತು, ಅಲ್ಲಿ ಸಾಕಾಗಿದ್ದು ತಾಲೂಕಿಗೆ ಬಂತು.

ಚನ್ನಗಿರಿಯಲ್ಲಿ ಒಬ್ಬ ಅಡಿಕೆ ಬೆಳೆಗಾರರು. ಅಡಿಕೆಗೆ ರೇಟು ಬಂದ ವರ್ಷ ಮಗ ದೊಡ್ಡ ಗಾಡಿ ತಂದಿದ್ದಾನೆ. ಅಪ್ಪ 800 ಮಾರಲು ಬಿಟ್ಟಿಲ್ಲ. ಹಿಂದಿನ ಸೀಟು ಬಿಚ್ಚಿ ಅಟ್ಟಕ್ಕೆ ಹಾಕಿದ್ದಾರೆ. ಆ ಜಾಗದಲ್ಲಿ ಅಡಿಕೆ ಚೀಲ, ಗೊಬ್ಬರ, ಮೋಟಾರಿನ ಸಾಮಾನು. “ಅವನ್ ಗಾಡಿ ಮದ್ವೆಗೆ ಹೋಗಕ್ಕೆ, ನನ್ ಗಾಡಿ ತೋಟಕ್ಕೆ ಹೋಗಕ್ಕೆ. ಗೀಚಿದ್ರೆ ಬೇಜಾರಿಲ್ಲ ಕಣಪ್ಪ” ಅಂದರು.

ನ್ಯಾಮತಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು. ಒಂದು ವಿಷಯ ಗಮನಿಸಿ. ಈ ನಾಲ್ಕೂ ಪಟ್ಟಣಗಳಲ್ಲಿ ರೈಲು ನಿಲ್ದಾಣ ಇಲ್ಲ. ಕೊನೆಯ ಬಸ್ಸು ಹೋದ ಮೇಲೆ ಹೆರಿಗೆ ನೋವು ಬಂದರೆ, ಎದೆನೋವು ಬಂದರೆ, ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗಬೇಕು. ಮೇಷ್ಟ್ರ ಕಾರಿನ ಕೀ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ರಾತ್ರಿ ಯಾರು ಬಂದು ಕೇಳಿದರೂ ಕೊಡಬೇಕು, ಮನೆಯವರಿಗೆ ಹಾಗೆ ಹೇಳಿಟ್ಟಿದ್ದಾರೆ. ಆ ಬೀದಿಯ ಎಷ್ಟು ಮಕ್ಕಳು ಆ ಕಾರಿನಲ್ಲಿ ಆಸ್ಪತ್ರೆಗೆ ಹೋಗಿ ಹುಟ್ಟಿವೆ ಅಂತ ಕೇಳಿದೆ. ಮೇಷ್ಟ್ರು ಎಣಿಸಲು ಶುರು ಮಾಡಿ, ನಕ್ಕು ಬಿಟ್ಟುಬಿಟ್ಟರು.

ಹೊನ್ನಾಳಿಯಲ್ಲಿ ಒಬ್ಬ ಗ್ಯಾರೇಜಿನವರು ನನ್ನ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟರು. “ಏಟ್ ಹಂಡ್ರೆಡ್‌ನ ಸಾಮಾನು ಓಮ್ನಿಗೆ ಆಗ್ತದೆ, ಓಮ್ನಿದು ಇದಕ್ಕೆ ಆಗ್ತದೆ. ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಲ್ಲಿ ತೊಳೆದು ಕೂರಿಸಿದ್ರೆ ಅರ್ಧ ಕಾಯಿಲೆ ವಾಸಿ.” ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಹೇಳಿಕೊಡದ ವಿಷಯ ಇದು. ಒಂದೇ ಮೂಲ ಎಂಜಿನ್ ಮೂವತ್ತು ವರ್ಷ ನಡೆಯಿತು. ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು 800 ಮಾರಾಟವಾದವು. ಅಷ್ಟು ಗಾಡಿ ರಸ್ತೆಯಲ್ಲಿದ್ದರೆ ಏನಾಗುತ್ತೆ? ಬಿಡಿಭಾಗ ಮಾಡುವವರು ಹುಟ್ಟಿಕೊಳ್ತಾರೆ, ಮಾರುವ ಅಂಗಡಿ ತಾಲೂಕಿಗೆ ಬರುತ್ತೆ, ಅದನ್ನು ಬಿಚ್ಚಿ ಬಿಚ್ಚಿ ಹುಡುಗರು ಮೆಕ್ಯಾನಿಕ್‌ಗಳಾಗ್ತಾರೆ. 2000ದ ಹೊತ್ತಿಗೆ ಕಾರ್ಬೊರೇಟರ್ ಜಾಗಕ್ಕೆ ಎಂಪಿಎಫ್‌ಐ ಬಂತು. ಗಾಡಿಗಳು ಸಾಕಷ್ಟು ಇದ್ದವು, ಅದನ್ನೂ ಕಲಿತರು.

ಬೆಲೆಯೊಂದೇ ಸಾಕಿದ್ದರೆ ನ್ಯಾನೋ ಗೆಲ್ಲಬೇಕಿತ್ತು. 2008ರ ಜನವರಿಯಲ್ಲಿ ರತನ್ ಟಾಟಾ ಒಂದು ಲಕ್ಷದ ಕಾರು ಅಂತ ತೋರಿಸಿದಾಗ ಇಡೀ ಪ್ರಪಂಚ ತಿರುಗಿ ನೋಡಿತು. 2009ರಲ್ಲಿ ಮಾರುಕಟ್ಟೆಗೆ ಬಂತು. ಹತ್ತು ವರ್ಷ ತುಂಬುವಷ್ಟರಲ್ಲಿ ತಯಾರಿಕೆ ನಿಂತಿತು. ಡಾಟ್ಸನ್ ನೋಡಿ. ಜಪಾನಿನ ಹಳೆಯ ಹೆಸರು, ನಿಸಾನ್ ಕಂಪನಿ ಅದನ್ನು ಅಗ್ಗದ ಕಾರಿಗಾಗಿಯೇ ಮತ್ತೆ ಎಬ್ಬಿಸಿ 2014ರ ಮಾರ್ಚ್‌ನಲ್ಲಿ 3.12 ಲಕ್ಷಕ್ಕೆ ‘ಗೋ’ ತಂದಿತು. 2022ರ ಏಪ್ರಿಲ್‌ನಲ್ಲಿ ಆ ಹೆಸರೇ ಭಾರತದಿಂದ ಹೊರಟಿತು. ಇವೆರಡೂ ಸೋಲಲು ಹತ್ತು ಕಾರಣ ಇರಬಹುದು. ಆದರೆ ತಾಲೂಕಿನಲ್ಲಿ ಕಾರು ಕೊಳ್ಳುವವನು ಶೋರೂಮಿಗೆ ಹೋಗುವ ಮೊದಲು ಗ್ಯಾರೇಜಿಗೆ ಹೋಗಿ, “ಇದ್ ತಗೊಳ್ಳಬೌದೇನಣ್ಣ?” ಅಂತ ಕೇಳ್ತಾನೆ. ಅಲ್ಲಿ ಆ ಅಣ್ಣ ಮುಖ ಸಿಂಡರಿಸಿದರೆ ವ್ಯಾಪಾರ ಅಲ್ಲಿಗೇ ಮುಗೀತು.

ಈಗ 2014ಕ್ಕೆ ಬನ್ನಿ. ಈ ಕತೆಯ ತಿರುವು ಆ ವರ್ಷದಲ್ಲಿದೆ.

2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಹೊಗೆಯ ಹೊಸ ನಿಯಮ ಬಂದಾಗ ಅಲ್ಲಿ 800 ಮಾರಾಟ ನಿಂತಿತ್ತು. ಆಮೇಲೆ ನಾಲ್ಕು ವರ್ಷ ಅದು ಸಣ್ಣ ಊರುಗಳ ಕಾರಾಗಿಯೇ ಉಳಿಯಿತು. 2014ರ ಜನವರಿ 18ಕ್ಕೆ ಕೊನೆಯ ಕಾರು ತಯಾರಾಯಿತು. ಅದೇ ತಿಂಗಳು ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿ, ಐದಕ್ಕೂ ಸೊನ್ನೆ ಸ್ಟಾರ್ ಕೊಟ್ಟಿತು. 800 ಆ ಪರೀಕ್ಷೆಯಲ್ಲಿ ಇರಲಿಲ್ಲ, ಅದರ ತಮ್ಮ ಆಲ್ಟೊ 800 ಇತ್ತು. ನವೆಂಬರ್‌ನಲ್ಲಿ ಡಾಟ್ಸನ್ ಗೋಗೂ ಸೊನ್ನೆಯೇ.

ಇಲ್ಲಿ ನಾನು ಮುಚ್ಚಿಡದೆ ಹೇಳಬೇಕು. ಮಾರುತಿ 800ರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ನ್ಯಾಮತಿ ಮೇಷ್ಟ್ರ ಕಾರನ್ನು ಹೊಗಳುವುದು ಸುಲಭ. ಅದೇ ಕಾರು ದಾವಣಗೆರೆ ಹತ್ತಿರ ಹೆದ್ದಾರಿ ಹತ್ತಿ ಲಾರಿಗಳ ನಡುವೆ ನುಸುಳುವಾಗ ಒಳಗೆ ಕೂತವರ ಜೀವಕ್ಕೆ ಯಾರು ಗ್ಯಾರಂಟಿ? ಏರ್‌ಬ್ಯಾಗ್‌ಗೆ ಸೆನ್ಸರ್ ಬೇಕು, ಎಬಿಎಸ್‌ಗೆ ಕಂಪ್ಯೂಟರ್ ಬೇಕು. ಅಂದರೆ ನನ್ನನ್ನು ಜಗಳೂರು ರಸ್ತೆಯಲ್ಲಿ ನಿಲ್ಲಿಸಿದ ಆ ಎಲೆಕ್ಟ್ರಾನಿಕ್ಸೇ ನಾಳೆ ನನ್ನ ಜೀವ ಉಳಿಸಬಹುದು. ಕಾರ್ಬೊರೇಟರ್ ಕಾಲಕ್ಕೆ ವಾಪಸ್ ಹೋಗೋಣ ಅನ್ನುವುದು ಮೂರ್ಖತನ.

ಹಾಗಾದರೆ ತಪ್ಪು ಎಲ್ಲಿದೆ? ಅದೇ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಒಂದು ಆದೇಶ ಮಾಡಿತು. 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ! ಕಾರಣ ಏನು ಗೊತ್ತಾ? ಅಸಲಿ ಬಿಡಿಭಾಗ, ದೋಷ ಹುಡುಕುವ ಉಪಕರಣ, ರಿಪೇರಿ ಕೈಪಿಡಿ, ಇವನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಅಂತ. ಆ 14ರಲ್ಲಿ ಮಾರುತಿಯೂ ಇತ್ತು. ಯಾರ ಗಾಡಿ ಹಳ್ಳಿಹಳ್ಳಿಗೆ ಮೆಕ್ಯಾನಿಕ್‌ಗಳನ್ನು ಹುಟ್ಟಿಸಿತೋ, ಅದೇ ಕಂಪನಿ! ಆದೇಶವನ್ನು ಕಂಪನಿಗಳು ಪ್ರಶ್ನಿಸಿದವು, ವಿಷಯ ಕೋರ್ಟು ಮೆಟ್ಟಿಲು ಹತ್ತಿತು. 2022ರಲ್ಲಿ ಕೇಂದ್ರ ಸರ್ಕಾರ ‘ರಿಪೇರಿಯ ಹಕ್ಕು’ ಅಂತ ಒಂದು ಸಮಿತಿ ಮಾಡಿತು, ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಪಟ್ಟಿಯಲ್ಲಿ ವಾಹನಗಳೂ ಇವೆ. ಒಳ್ಳೆಯದೇ. ಆದರೆ ಪೋರ್ಟಲ್ ನೋಡಿ ಸ್ಪ್ಯಾನರ್ ತಿರುಗಿಸಲು ಆಗುತ್ತಾ?

ಇನ್ನೊಂದು ಕಡೆಯಿಂದ ಹಳೆಯ ಗಾಡಿಯವರ ಮೇಲೆ ಒತ್ತಡ ಬೀಳುತ್ತಿದೆ. 15 ವರ್ಷ ತುಂಬಿದ ಖಾಸಗಿ ಕಾರಿನ ಆರ್‌ಸಿ ನವೀಕರಣಕ್ಕೆ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000. 2025ರ ಆಗಸ್ಟ್‌ನಲ್ಲಿ ಬಂದ ಅಧಿಸೂಚನೆ ಪ್ರಕಾರ 20 ವರ್ಷ ದಾಟಿದ್ದರೆ 10,000. ಹೊಗೆ ಕಡಿಮೆಯಾಗಲಿ, ಹಳೆಯ ಗಾಡಿ ರಸ್ತೆ ಬಿಡಲಿ ಅನ್ನುವ ಉದ್ದೇಶ ನನಗೆ ಅರ್ಥವಾಗುತ್ತೆ. ಅಪಾಯದ ಗಾಡಿ ರಸ್ತೆಯಲ್ಲಿ ಇರಬಾರದು, ಸರಿ. ಆದರೆ ಅದನ್ನು ಬಿಟ್ಟವನು ಮುಂದೆ ಏನು ಕೊಳ್ಳಬೇಕು? ಹಳದಿ ದೀಪ ಹತ್ತಿದರೆ ಜಗಳೂರಿನಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ದಾವಣಗೆರೆಗೆ ಎಳೆಸಿಕೊಂಡು ಹೋಗಬೇಕಾದ ಗಾಡಿಯನ್ನೇ? ಆ ಎಳೆಯುವ ಖರ್ಚು, ಹಾಳಾದ ದಿನದ ಕೂಲಿ, ಇವನ್ನು ಕಾರಿನ ಬೆಲೆಗೆ ಸೇರಿಸಿದವರು ಯಾರಾದರೂ ಇದ್ದಾರಾ?

ನಾನು ಕೇಳುವುದು ದೊಡ್ಡದೇನಲ್ಲ. ಏರ್‌ಬ್ಯಾಗೂ ಇರಲಿ, ಕಂಪ್ಯೂಟರೂ ಇರಲಿ. ಅದರ ಒಳಗೆ ಏನಾಗಿದೆ ಅಂತ ನೋಡುವ ಉಪಕರಣ, ಅದನ್ನು ಓದುವ ಮಾಹಿತಿ, ತಾಲೂಕಿನ ಗ್ಯಾರೇಜಿಗೂ ಕೈಗೆಟುಕುವ ಬೆಲೆಗೆ ಸಿಗಲಿ. ಐಟಿಐಗಳಲ್ಲಿ ಸಂಜೆ ಹೊತ್ತು ಹಳೆಯ ಮೆಕ್ಯಾನಿಕ್‌ಗಳಿಗೂ ಒಂದು ಬೆಂಚು ಹಾಕಿ. ಮೂವತ್ತು ವರ್ಷ ಕಿವಿಯಲ್ಲೇ ಎಂಜಿನ್ ಕಾಯಿಲೆ ಕಂಡುಹಿಡಿದವರಿಗೆ ಒಂದು ಪರದೆ ಓದುವುದು ಕಲಿಸಲು ಎಷ್ಟು ದಿನ ಬೇಕು?

ಅವತ್ತು ಲೈವ್ ಮುಗಿಸಿ ವಾಪಸ್ ಬಂದಾಗ ನಮ್ಮ ಗಾಡಿ ಅಲ್ಲೇ ನಿಂತಿತ್ತು. ಮೆಕ್ಯಾನಿಕ್ ಅದರ ಪಕ್ಕದಲ್ಲೇ ಬೀಡಿ ಸೇದುತ್ತಾ ಕಾವಲು ಕೂತಿದ್ದರು. ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. “ಏನೂ ರಿಪೇರಿ ಮಾಡಿಲ್ವಲ್ಲ ಸರ್” ಅಂದರು. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು, “ನೀವು ಓದ್ದೋರು. ಆ ಸ್ಕ್ಯಾನರ್ ಎಷ್ಟಾಗ್ತದೆ? ನಮ್ಮಂಥೋರಿಗೆ ಅದನ್ನ ಯಾರು ಹೇಳ್ಕೊಡ್ತಾರೆ?”

ಮೊದಲನೆಯದಕ್ಕೆ ಮೊಬೈಲ್ ನೋಡಿ ಉತ್ತರ ಹೇಳಿದೆ. ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇರಬೇಕಾದವರು ಈ ಪುಸ್ತಕ ಓದಿದರೆ, ದಯವಿಟ್ಟು ಜಗಳೂರಿಗೆ ಹೋಗಿ ಅವರಿಗೇ ಹೇಳಿ.